ಹೆಸರು ಹೇಳುವ ಸರದಿ

ಮಂಠಾಳದಲ್ಲಿ ಯಾರ ಮನೆಯ ಹುಡುಗಿಗೆ ಲಗ್ನ ಗೊತ್ತಾದರೂ, ಅವಳು ಬಟ್ಟೆ ಬಂಗಾರಕ್ಕೆ ಪೇಟೆಗೆ ಹೋಗುವ ಮೊದಲು ಕಮಳಾಬಾಯಿಯ ಕಟ್ಟೆಗೆ ಬರುತ್ತಾಳೆ. ಬರುವುದಕ್ಕೆ ಒಂದು ನೆಪ ಇದ್ದೇ ಇರುತ್ತದೆ. ಹೆಪ್ಪಿಗೆ ಮಜ್ಜಿಗೆ ಬೇಕಿತ್ತು ಅನ್ನುತ್ತಾಳೆ, ಇಲ್ಲವೇ ಸುಮ್ಮನೆ ಈ ಕಡೆ ಬಂದಿದ್ದೆ ಅನ್ನುತ್ತಾಳೆ. ಕಮಳಾಬಾಯಿ ಮಜ್ಜಿಗೆ ಕೊಡುವ ಗೋಜಿಗೆ ಹೋಗುವುದಿಲ್ಲ. "ಹುಡುಗನ ಹೆಸರೇನವಾ?" ಎಂದು ಕೇಳುತ್ತಾಳೆ. ಹುಡುಗಿ ನೆಲ ನೋಡುತ್ತಾಳೆ, ಜೊತೆಗೆ ಬಂದ ಗೆಳತಿ ಹೆಸರು ಹೇಳುತ್ತಾಳೆ, ಕೆಲಸ ಶುರುವಾಗುತ್ತದೆ.

ಈ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಯಾರಾದರೂ ಕೇಳಿದರೆ 'ಇವನ ಅಪ್ಪ' ಎಂದು ಮಗನ ಕಡೆ ಬೆರಳು ತೋರಿಸಿ ಪಾರಾಗುತ್ತಾಳೆ. ಆದರೆ ಲಗ್ನದ ದಿನ ಪಾರಾಗುವ ದಾರಿ ಇಲ್ಲ. ಸೊಸೆ ಗಂಡನ ಮನೆಯ ಹೊಸ್ತಿಲಿಗೆ ಬಂದಾಗ ನಾದಿನಿ ಬಾಗಿಲಿಗೆ ಕೈ ಅಡ್ಡ ಹಾಕಿ ನಿಲ್ಲುತ್ತಾಳೆ. ಗಂಡನ ಹೆಸರು ಹೇಳಬೇಕು. ಅದೂ ಬರೀ ಹೆಸರಲ್ಲ, ಪ್ರಾಸ ಕೂಡಿದ ಎರಡು ಸಾಲಿನಲ್ಲಿಟ್ಟು ಹೇಳಬೇಕು. ಅದಕ್ಕೆ ಒಡಪು ಅನ್ನುತ್ತಾರೆ. ಒಡಪು ಹೇಳಿದವಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಅಡ್ಡ ಹಾಕಿದ ಕೈ ಇಳಿಯಬೇಕು, 'ಒಳಗ ಬಾ' ಅನ್ನಬೇಕು. ಆಮೇಲೆ ನೆರೆದ ಮುತ್ತೈದೆಯರೆಲ್ಲ ಸರದಿಯಂತೆ ತಮ್ಮ ತಮ್ಮ ಗಂಡಂದಿರ ಹೆಸರು ಹೇಳುತ್ತಾರೆ. ಮೊಮ್ಮಕ್ಕಳನ್ನು ಕಂಡವರೂ ಆಗ ಸೆರಗು ಕಚ್ಚಿ ನಾಚುತ್ತಾರೆ. ಲಗ್ನದ ಊಟ ಬಿಟ್ಟರೂ ಈ ಒಂದು ತಾಸು ಬಿಡದ ಹೆಂಗಸರು ಈ ಊರಿನಲ್ಲಿ ಬೇಕಾದಷ್ಟು ಇದ್ದಾರೆ.

ಆ ಒಡಪುಗಳನ್ನು ಕಟ್ಟುವವಳು ಕಮಳಾಬಾಯಿ. ಊರಿಗೆಲ್ಲ ಇದು ಗೊತ್ತು, ಊರಲ್ಲಿ ಯಾರೂ ಆಡುವುದಿಲ್ಲ. ಒಡಪು ಮದುಮಗಳ ಬಾಯಲ್ಲೇ ಆಗಷ್ಟೇ ಹುಟ್ಟಿದಂತಿರಬೇಕು, ಅದೇ ಅದರ ಮರ್ಯಾದೆ. ಕಟ್ಟಿದವಳು ಮಾತ್ರ ಒಳಕೋಣೆಯ ಬಾಗಿಲ ಹಿಂದೆ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕುಳಿತು, ಹುಡುಗಿ ಎಲ್ಲಿ ಮರೆತಾಳೋ ಎಂದು ಉಸಿರು ಹಿಡಿದು ಕೇಳುತ್ತಿರುತ್ತಾಳೆ. ಅವಳು ಗಂಡ ಸತ್ತವಳು. ಶುಭದ ಹೊಸ್ತಿಲ ಮೇಲೆ ಅವಳ ನೆರಳು ಬೀಳಬಾರದು, ಅವಳ ಮಾತು ಬೀಳಬಹುದು. ಲೋಕದ ನ್ಯಾಯ ಒಮ್ಮೊಮ್ಮೆ ಚಹಾ ಸೋಸಿದ ಹಾಗೆ, ತನಗೆ ಬೇಕಾದ್ದನ್ನು ಕುಡಿದು ಉಳಿದದ್ದನ್ನು ಆಚೆ ಚೆಲ್ಲುತ್ತದೆ.

ಗಂಡ ಲಾಲಪ್ಪ ಹಾವು ಕಚ್ಚಿ ಸತ್ತಾಗ ಮಗ ಮಚ್ಚೇಂದ್ರ ಇನ್ನೂ ಅಂಬೆಗಾಲಿಡುತ್ತಿದ್ದ. ತನ್ನ ಲಗ್ನದ ದಿನ ಕಮಳಾಬಾಯಿ ತಾಯಿ ಹೇಳಿಕೊಟ್ಟ ಒಡಪನ್ನು ಗಿಣಿಯ ಹಾಗೆ ಒಪ್ಪಿಸಿ ಒಳಗೆ ಬಂದಿದ್ದಳು. ತನ್ನದೇ ಒಂದನ್ನು ಕಟ್ಟುವ ಬುದ್ಧಿ ಬರುವ ಹೊತ್ತಿಗೆ ಹೆಸರು ಹೇಳುವ ಸರದಿಯೇ ಕೈತಪ್ಪಿ ಹೋಗಿತ್ತು. ಈ ವಯಸ್ಸಿನಲ್ಲಿ ಅವಳಿಗೆ ದೊಡ್ಡ ಆಸೆಗಳೇನೂ ಉಳಿದಿರಲಿಲ್ಲ, ಮೊಣಕಾಲು ನೋಯದಿದ್ದರೆ ಸಾಕಿತ್ತು. ಆದರೂ ಒಂದು ಆಸೆ ಎದೆಯಲ್ಲಿ ಪಟ್ಟು ಹಿಡಿದು ಕೂತಿತ್ತು: ಲಾಲಪ್ಪನ ಹೆಸರನ್ನು ತಾನೇ ಕಟ್ಟಿದ ಒಡಪಿನಲ್ಲಿಟ್ಟು, ನಾಲ್ಕು ಜನರ ಎದುರು, ಒಮ್ಮೆ ಗಟ್ಟಿಯಾಗಿ ಹೇಳಬೇಕು. ಇದನ್ನು ಬಾಯಿಬಿಟ್ಟರೆ ಮುದುಕಿಗೆ ಅರಳುಮರಳು ಅಂದಾರೆಂದು ಅವಳು ಯಾರ ಮುಂದೆಯೂ ಆಡಿರಲಿಲ್ಲ.

ಈ ವರ್ಷ ಮೊಮ್ಮಗ ರಾಜೀವನ ಲಗ್ನ ಗೊತ್ತಾಯಿತು. ರಾಜೀವ ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಹುಡುಗಿ ಶೀತಲ, ನಿರ್ಣಾ ಊರಿನವಳು, ಹುಮನಾಬಾದಿನಲ್ಲೇ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ಇಬ್ಬರಿಗೂ ಬಸ್ ಸ್ಟ್ಯಾಂಡಿನಲ್ಲಿ ಪರಿಚಯವಾಗಿತ್ತು. ಎರಡೂ ಮನೆಯವರು ಅದನ್ನು 'ಹಿರಿಯರು ನೋಡಿ ಮಾಡಿದ ಸಂಬಂಧ' ಎಂದು ಊರ ತುಂಬ ಹೇಳಿಕೊಂಡು ಸಮಾಧಾನಪಟ್ಟರು.

ಲಗ್ನದ ಬಟ್ಟೆ ತೆಗೆಯಲು ಎರಡೂ ಮನೆಯ ಹೆಂಗಸರು ಬಸವಕಲ್ಯಾಣದ ಒಂದು ಅಂಗಡಿಯಲ್ಲಿ ಸೇರಿದರು. ಸೀರೆ ಆರಿಸುವ ದರ್ಬಾರು ಗಯಾಬಾಯಿಯದು. ಗಯಾಬಾಯಿ ಲಾಲಪ್ಪನ ತಂಗಿ, ಮಂಠಾಳದಲ್ಲೇ ಮದುವೆಯಾಗಿ ಉಳಿದವಳು, ಮೊಣಕೈವರೆಗೆ ಹಸಿರು ಬಳೆ ತೊಟ್ಟ ಹಿರಿಯ ಮುತ್ತೈದೆ. ಅಣ್ಣನ ಮನೆಯ ಶುಭಕಾರ್ಯಗಳೆಲ್ಲ ಅವಳ ಹುಬ್ಬಿನ ಸನ್ನೆಯಲ್ಲೇ ನಡೆಯುತ್ತಿದ್ದವು. ಮದುಮಗಳ ಸೀರೆಯನ್ನು ಗಾದಿಯ ಮೇಲೆ ಬಿಚ್ಚಿ ಹಾಸಿದಾಗ ಕಮಳಾಬಾಯಿಯ ಕೈ ತಾನಾಗಿ ಅದರ ಅಂಚಿನ ಕಡೆ ಹೋಯಿತು.

"ವೈನಿ, ನೀ ಜರಾ ಅಲ್ಲಿ ಗಾಳಿಗಿ ಕೂಡ್ರು," ಎಂದಳು ಗಯಾಬಾಯಿ ಅತ್ತಿಗೆಗೆ. ಮಾತು ಮೆತ್ತಗಿತ್ತು. ಅದರ ಅರ್ಥ ಮೆತ್ತಗಿರಲಿಲ್ಲ. ಕಮಳಾಬಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಇದನ್ನು ಶೀತಲ ನೋಡಿದಳು. ಅದೇ ದಿನ ಬಸವಕಲ್ಯಾಣದ ಸಭಾಂಗಣದಲ್ಲಿ ಅವಳದೊಂದು ಭಾಷಣವಿತ್ತು. ಲಗ್ನ ಗೊತ್ತಾಗುವ ಮೊದಲೇ ಒಪ್ಪಿಕೊಂಡದ್ದು, ತಪ್ಪಿಸುವಂತಿರಲಿಲ್ಲ. "ಆಯಿ, ನೀವು ನನ್ ಜೋಡಿ ಬರ್ರಿ," ಎಂದು ಅವಳು ಕಮಳಾಬಾಯಿಯ ಮೊಣಕೈ ಹಿಡಿದು ಎಬ್ಬಿಸಿದಳು. ಸೀರೆಯ ರಾಶಿ ಬಿಟ್ಟು ಭಾಷಣ ಕೇಳಲು ಹೋದ ಹೆಂಗಸು ಆ ಪೇಟೆಯಲ್ಲಿ ಬಹುಶಃ ಕಮಳಾಬಾಯಿ ಒಬ್ಬಳೇ.

ಬೇರೆ ಬೇರೆ ಕಾಲದ ಸಾಹಿತ್ಯ ಹೆಣ್ಣನ್ನು ಹೇಗೆ ಕಂಡಿದೆ ಎಂಬುದು ಭಾಷಣದ ವಿಷಯ. ಕಮಳಾಬಾಯಿ ಹಿಂದಿನ ಸಾಲಿನಲ್ಲಿ ಫ್ಯಾನಿನ ಕೆಳಗೆ ಕುಳಿತಳು. ನಿದ್ದೆ ಬರಬಹುದೆಂದುಕೊಂಡಿದ್ದಳು, ಬರಲಿಲ್ಲ. ಹಳೆಯ ಅರಮನೆಯ ಕವಿಗಳು ಹೆಣ್ಣನ್ನು ಬಿಡಿಬಿಡಿಯಾಗಿ ನೋಡಿದರು ಎಂದಳು ಶೀತಲ. ಕಣ್ಣಿಗೊಂದು ಪದ್ಯ, ನಡುವಿಗೊಂದು ಪದ್ಯ, ನಡಿಗೆಗೊಂದು ಪದ್ಯ. ಎಲ್ಲವನ್ನೂ ಕೂಡಿಸಿದರೂ ಒಬ್ಬ ಪೂರ್ತಿ ಹೆಂಗಸು ಎದ್ದು ನಿಲ್ಲುವುದು ಅಪರೂಪ. ಕಮಳಾಬಾಯಿಗೆ ನಗು ಬಂತು. ಅಷ್ಟು ಸಣ್ಣ ನಡುವಿನವಳು ಬಾವಿಯಿಂದ ಕೊಡ ಎತ್ತುವುದಾದರೂ ಹೇಗೆ ಎಂದುಕೊಂಡಳು.

ಆಮೇಲೆ ಇದೇ ಕಲ್ಯಾಣದ ನೆಲದಲ್ಲಿ, ನೂಲುವ, ಕಸ ಗುಡಿಸುವ, ಧಾನ್ಯ ಕುಟ್ಟುವ ಕೈಗಳ ಹೆಂಗಸರು ತಮ್ಮ ಮಾತನ್ನು ತಾವೇ ಆಡತೊಡಗಿದರು, ವಚನವಾಗಿ ಆಡಿದರು, ದೇವರನ್ನೇ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು ಎಂದಾಗ ಶೀತಲಳ ದನಿ ಏರಿತು. ಬೀಸುಕಲ್ಲಿನ ಮುಂದೆ ಹಾಡಿದವರು ತವರನ್ನೂ ತೊಟ್ಟಿಲನ್ನೂ ಹಾಡಿದರು, ತಮ್ಮ ಹೆಸರು ಹೇಳದೆ ಹೋದರು. ಅಚ್ಚಿನ ಪುಸ್ತಕಗಳು ಬಂದ ಮೇಲೆ ಕಾದಂಬರಿಯ ಹೆಣ್ಣು ಬಹಳ ದಿನ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡು ತ್ಯಾಗ ಮಾಡಿದಳು, ವಿಧವೆಯಾಗಿದ್ದರೆ ಬಾವಿಗೆ ಬಿದ್ದಳು. ಕಡೆಗೆ ಹೆಂಗಸರೇ ಪೆನ್ನು ಹಿಡಿದರು. ಸಿಟ್ಟಾದರು, ನಕ್ಕರು, ಗೆಳತಿಯರ ಬಗ್ಗೆ ಬರೆದರು, ತಮ್ಮ ತಾಯಂದಿರನ್ನು ಹೊಸ ಕಣ್ಣಿನಿಂದ ನೋಡಿದರು. ಹುಡುಗಿ ಕಾಗದ ನೋಡದೆ, ತಡವರಿಸದೆ, ಎದುರು ಕೂತ ದೊಡ್ಡ ದೊಡ್ಡ ಜನರಿಗೆ ಅಂಜದೆ ಮಾತಾಡುತ್ತಿದ್ದಳು. ಕಮಳಾಬಾಯಿಗೆ ತಡೆದುಕೊಳ್ಳಲಾಗಲಿಲ್ಲ. "ನಮ್ಮ ಮನಿಗಿ ಬರಾಕತ್ತಾಳ ಈಕಿ, ನಮ್ಮ ರಾಜೀವನ ಹೆಣತಿ ಆಗಾಕಿ," ಎಂದು ಪಕ್ಕದ ಕುರ್ಚಿಯ ಅಪರಿಚಿತಳಿಗೆ ಹೇಳಿಯೇಬಿಟ್ಟಳು.

ಸಭೆ ಮುಗಿದ ಮೇಲೆ ಇಬ್ಬರೂ ಹೊರಗೆ ಚಹಾ ಕುಡಿಯಲು ನಿಂತರು. ಕಮಳಾಬಾಯಿ ಬಸಿಯಲ್ಲಿ ಚಹಾ ಹುಯ್ದುಕೊಂಡು ಊದಿದಳು, ಕುಡಿಯಲಿಲ್ಲ.

"ಆ ಬಾವಿಗಿ ಬಿದ್ದಾಕಿದು ಹೇಳಿದಿ ನೋಡು," ಎಂದಳು. "ಎಲ್ಲಾರೂ ಬಿದ್ದೇಬಿಟ್ರೇನು? ಗಂಡ ಸತ್ತ ಮ್ಯಾಲ ಹೊಲಾ ಮಾಡಿ ಮಗನ್ನ ಸಾಲಿಗಿ ಕಳಿಸಿದಾಕಿ ಒಬ್ಬಾಕಿನೂ ಇಲ್ಲೇನು ನಿಮ್ಮ ಬುಕ್ಕಿನ್ಯಾಗ?"

"ಅದಾರ ಆಯಿ. ಆದ್ರ ಭಾಳ ಕಡಿಮಿ."

"ಯಾಕ?"

"ಅಂಥಾಕಿದು ಬರಿಯೋರು ಕಡಿಮಿ ಇದ್ರು."

ಕಮಳಾಬಾಯಿ ತಲೆಯಾಡಿಸಿ ಚಹಾ ಕುಡಿದಳು. ಶೀತಲ ಎಲ್ಲ ಹುಡುಗಿಯರ ಹಾಗೆಯೇ ನೆಲ ನೋಡಿದಳು. "ಆಯಿ, ಹೊಸ್ತಿಲದಾಗ ನಾ ಏನ್ ಹೇಳ್ಲಿ? ಅಷ್ಟು ಕಾವ್ಯ ಓದೇನಿ, ನಂದೇ ಎರಡು ಸಾಲು ಕೂಡವಲ್ಲವು."

ಮುದುಕಿಯ ಮುಖ ಅರಳಿತು. ಅಷ್ಟು ಜನರನ್ನು ಬಾಯಿ ಮುಚ್ಚಿಸಿ ಕೂರಿಸಿದ ಹುಡುಗಿಯೂ ತನ್ನ ಕಟ್ಟೆಗೆ ಬಂದಂತಾಯಿತಲ್ಲ. ಮೊಟ್ಟಮೊದಲು ತಾನು ನಾದಿನಿ ಗಯಾಬಾಯಿಯ ಲಗ್ನಕ್ಕೆ ಕಟ್ಟಿದ್ದನ್ನು ಹೇಳಿ ತೋರಿಸಿದಳು:

"ತುಳಸಿಕಟ್ಟಿಗಿ ನೀರ ಹಾಕಿ ತಿರುಗೇನಿ ಐದು ಸುತ್ತ,
ಬಸವರಾಜರ ಪಾದದ ಧೂಳೇ ನನಗ ಹವಳ ಮುತ್ತ."

"ಛಂದ ಅದ," ಎಂದಳು ಶೀತಲ. "ಆದ್ರ ಆಯಿ, ಇದರಾಗ ತುಳಸಿ ಅದ, ಪಾದ ಅದ, ಧೂಳೂ ಅದ. ಹೇಳಾಕತ್ತಾಕಿ ಎಲ್ಲಿ ಅದಾಳ?"

ಕಮಳಾಬಾಯಿಯ ಹುಬ್ಬು ಗಂಟಿಕ್ಕಿತು. ಇಡೀ ಮಂಠಾಳ ತಲೆದೂಗಿದ ಒಡಪಿಗೆ ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ಹುಳುಕು ತೆಗೆಯುತ್ತಾಳೆ. ಮೂಗಿನ ತುದಿಯ ಸಿಟ್ಟಿನಲ್ಲೇ ಇನ್ನೊಂದನ್ನು ಹೇಳಿದಳು. ಅದು ಮಗ ಮಚ್ಚೇಂದ್ರನ ಲಗ್ನದಲ್ಲಿ ಸೊಸೆ ಯಶೋದಾಬಾಯಿಗೆ ಕಟ್ಟಿಕೊಟ್ಟದ್ದು:

"ತೊಗರಿ ರಾಶಿ ತೂರಾಕ ಇಬ್ಬರೂ ಹಿಡದೇವಿ ಮೊರ,
ಮಚ್ಚೇಂದ್ರರ ಜೋಡಿ ದುಡಿಯಾಕ ನನಗಿಲ್ಲ ಬ್ಯಾಸರ."

"ಇದರಾಗ ಅದಾಳ ನೋಡ್ರಿ," ಎಂದು ಶೀತಲ ಚಹಾದ ಕಪ್ಪು ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. "ಮೊರ ಹಿಡಕೊಂಡು ಗಂಡನ ಬಾಜೂಕ ನಿಂತಾಳ."

ಕಮಳಾಬಾಯಿ ಈ ಎರಡನ್ನು ಯಾವತ್ತೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಒಡಪಿಗೂ ಕಾಲ ಇರುತ್ತದೆ ಎಂದು ಅವಳಿಗೆ ಈಗ ತಿಳಿಯಿತು. ಮುಂದೆ ಬಂದು ಕೂತ ಹುಡುಗಿ ಹೇಗಿದ್ದಳೋ ಒಡಪು ಹಾಗೆ ಬಂದಿತ್ತು. ಗಯಾ ತಲೆ ಎತ್ತಿರಲಿಲ್ಲ, ಯಶೋದಾ ಹೊಲದಿಂದ ನೇರ ಬಂದಿದ್ದಳು. ಈಗ ಎದುರಿಗೆ ನಿಂತವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಅವಳಿಗೆ ಹಳೆಯ ಅಳತೆಯ ಕುಪ್ಪಸ ಆಗುವುದಿಲ್ಲ. ಸಿಟ್ಟು ಎಲ್ಲಿ ಹೋಯಿತೋ, ಮುದುಕಿಗೆ ಹುರುಪು ಬಂತು.

"ನೀವಿಬ್ಬರೂ ಎಲ್ಲಿ ಸಿಕ್ಕೀರಿ ಅಂದಿ? ಬಸ್ ಸ್ಟ್ಯಾಂಡಿನ್ಯಾಗಲ್ಲ? ಮೊದಲ ಯಾರು ಮಾತಾಡ್ಸಿದ್ರು, ಖರೆ ಹೇಳು."

ಶೀತಲ ಖರೆ ಹೇಳಿದಳು. ಅಂಗಡಿಯವರೆಗಿನ ದಾರಿಯಲ್ಲಿ ಹುಡುಗಿ ಸಂಗತಿ ಕೊಟ್ಟಳು, ಮುದುಕಿ ಪ್ರಾಸ ಕೊಟ್ಟಳು. ಒಂದು ಶಬ್ದಕ್ಕೆ ಇಬ್ಬರೂ ರಸ್ತೆಯ ನಡುವೆ ನಿಂತು ವಾದ ಮಾಡಿದರು, ಹಿಂದಿನ ಆಟೋದವನು ಹಾರ್ನು ಹೊಡೆದು ಹೊಡೆದು ಸಾಕಾದ. ಅಂಗಡಿಗೆ ಬಂದಾಗ ಗಯಾಬಾಯಿ ಎರಡು ಸೀರೆಗಳ ನಡುವೆ ಇನ್ನೂ ತೂಗಾಡುತ್ತಿದ್ದಳು.

ಲಗ್ನ ಮುಗಿದು ದಿಬ್ಬಣ ಮಂಠಾಳದ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ರಾಜೀವನ ತಂಗಿ ಪೂನಮ ಬಾಗಿಲಿಗೆ ಒಂದು ಕೈ ಅಡ್ಡ ಹಾಕಿ ಇನ್ನೊಂದು ಕೈಯಲ್ಲಿ ಮೈಕು ಹಿಡಿದಿದ್ದಳು. ಬಾಡಿಗೆಗೆ ತಂದ ಮೈಕು ಊಟದ ಪಂಕ್ತಿ ಕರೆಯುವುದಕ್ಕೆ ಇದ್ದದ್ದು, ಹುಡುಗಿ ಅದನ್ನು ಕಸಿದುಕೊಂಡು ಬಂದಿದ್ದಳು. ಪಡಸಾಲೆಯ ತುಂಬ ಹೆಂಗಸರು. ಒಳಕೋಣೆಯ ಬಾಗಿಲ ಹಿಂದೆ ಎಂದಿನಂತೆ ಕಮಳಾಬಾಯಿ.

"ಹೆಸರ ಹೇಳ್ರಿ ವೈನಿ, ಇಲ್ಲಾಂದ್ರ ಬಸ್ ಸ್ಟ್ಯಾಂಡಿಗಿ ವಾಪಸ್," ಎಂದಳು ಪೂನಮ ಮೈಕಿನಲ್ಲಿ. ಶೀತಲ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ನನ್ನ ಟಿಕೀಟ ಸರಕಾರದ್ದು, ಅವರದು ನಾ ತಗಸೇನಿ,
ರಾಜೀವರ ಹೆಸರಿನ ಜೋಡಿ ಶೀತಲ ಅಂತ ಬರಸೇನಿ."

ಪಡಸಾಲೆಯೇ ಬಿದ್ದುಹೋಗುವಂತೆ ನಗು. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣವಾದ ಮೇಲೆ ಗಂಡನ ಟಿಕೀಟಿಗೆ ಕೈಯಿಂದ ಕೊಟ್ಟವರು ಅಲ್ಲಿ ಅರ್ಧಕ್ಕರ್ಧ ಜನ ಇದ್ದರು. ಅದನ್ನು ಯಾರಾದರೂ ಹೊಸ್ತಿಲ ಮೇಲೆ ನಿಂತು ಹೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ರಾಜೀವ ಕಿವಿಯವರೆಗೆ ಕೆಂಪಾದ. ಪೂನಮಳ ಕೈ ಇಳಿಯಿತು, ಸೊಸೆ ಬಲಗಾಲಿಟ್ಟು ಒಳಗೆ ಬಂದಳು. ಬಾಗಿಲ ಹಿಂದೆ ಕಮಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇಷ್ಟು ಒಳ್ಳೆಯ ಒಡಪು ತನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ಅವಳಿಗೆ ಹೆಮ್ಮೆಯಾಯಿತು.

ಸರದಿ ಶುರುವಾಯಿತು. ಯಶೋದಾಬಾಯಿ ಹೇಳಿದಳು, ನೆರೆಹೊರೆಯವರು ಹೇಳಿದರು. ಗಯಾಬಾಯಿ ತನ್ನ ತುಳಸಿ, ಪಾದ, ಧೂಳನ್ನು ಗತ್ತಿನಿಂದ ಹೇಳಿ ಮುಗಿಸಿ, ಒಳಕೋಣೆಯ ಬಾಗಿಲ ಬಳಿ ಗಾಳಿಗೆ ಬಂದು ನಿಂತಳು. ಪೂನಮಳಿಗೆ ಖುಷಿ ತಲೆಗೇರಿತ್ತು. ಹುಟ್ಟಿದಾಗಿನಿಂದ ಅಜ್ಜಿಯ ಬಾಯಿಂದ ಒಡಪು ಕೇಳುತ್ತ ಬೆಳೆದ ಹುಡುಗಿ, ಮೈಕು ಎತ್ತಿ ಊರಿಗೆಲ್ಲ ಕೇಳುವಂತೆ ಹೇಳಿಬಿಟ್ಟಳು:

"ವೈನಿಯ ಒಡಪು ಯಾರ ಕಟ್ಯಾರ ಗೊತ್ತದನ್ರಿ? ನಮ್ಮ ಆಯಿ. ನಿಮ್ಮೆಲ್ಲಾರದೂ ಆಕೀನೇ ಕಟ್ಯಾಳ. ಈಗ ಆಯಿ ಸರದಿ. ಆಯಿ, ಹೊರಗ ಬಾ, ಹೆಸರ ಹೇಳು."

ಮುತ್ತೈದೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ ಮೇಲೆ ಪೂನಮಳಿಗೂ ತಾನು ಹೇಳಿದ್ದೇನೆಂದು ತಿಳಿಯಿತು. ಮೈಕು ಹಿಡಿದ ಕೈ ಕೆಳಗೆ ಬಂತು. ಆದರೆ ಅಷ್ಟರಲ್ಲಿ ಕಮಳಾಬಾಯಿ ಎದ್ದು ನಿಂತಾಗಿತ್ತು. ಬುದ್ಧಿಗಿಂತ ಮೊದಲು ಮೊಣಕಾಲು ಎದ್ದಿತ್ತು. ಇಷ್ಟು ವರ್ಷ ಕಾದ ಕರೆ ಕಿವಿಗೆ ಬಿದ್ದರೆ ಯಾರು ತಾನೇ ಕೂತಿರುತ್ತಾರೆ? ಅವಳು ಒಳಕೋಣೆಯ ಹೊಸ್ತಿಲವರೆಗೆ ಬಂದಳು.

ಗಯಾಬಾಯಿ ಬಾಗಿಲ ಚೌಕಟ್ಟಿಗೆ ಕೈ ಅಡ್ಡ ಹಾಕಿದಳು. "ಕೂಡ್ರು ವೈನಿ," ಎಂದಳು ಮೆಲ್ಲಗೆ. "ಹುಡುಗಿ ತಿಳೀದ ಅಂದಾಳ. ಹೊಸ ಸೊಸಿ ಮನಿಯಾಗ ಕಾಲಿಟ್ಟಾಳ. ಶುಭದ ಹೊತ್ತು." ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದು ಕಮಳಾಬಾಯಿಗೂ ಕಂಡಿತು. ಹಿಂದಕ್ಕೆ ಹೋಗಿ ಜೋಳದ ಚೀಲಕ್ಕೆ ಬೆನ್ನು ಕೊಟ್ಟು ಕೂರುವುದು ಬಹಳ ಸುಲಭವಿತ್ತು. ಕೂತರೆ ನಾಳೆ ಯಾರೂ ಏನೂ ಅನ್ನುವುದಿಲ್ಲ, ಮುಂದೆಂದೂ ಯಾರೂ ಕರೆಯುವುದೂ ಇಲ್ಲ.

ಅವಳು ಆ ಕೈಯನ್ನು ನೋಡಿದಳು. ಬಾಗಿಲಿಗೆ ಅಡ್ಡವಾಗಿ ಚಾಚಿದ, ಬಳೆ ತುಂಬಿದ, ನಾದಿನಿಯ ಕೈ. ನಾದಿನಿ ಬಾಗಿಲಿಗೆ ಕೈ ಅಡ್ಡ ಹಾಕಿದರೆ ಏನು ಮಾಡಬೇಕೆಂದು ಈ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಆದರೆ ಒಡಪೆಲ್ಲಿ? ಊರಿಗೆಲ್ಲ ಕಟ್ಟಿಕೊಟ್ಟವಳು ತನಗಾಗಿ ಒಂದನ್ನೂ ಕಟ್ಟಿಟ್ಟುಕೊಂಡಿರಲಿಲ್ಲ. ಸರದಿ ಬಂದೀತೆಂದು ನಂಬಿದ್ದರೆ ತಾನೇ? ಅವಳಿಗೆ ಗೊತ್ತಿದ್ದ ಸಾಲುಗಳೆಲ್ಲ ಕುಂಕುಮಕ್ಕೋ ಬಳೆಗೋ ಗಂಡನ ಆಯುಷ್ಯಕ್ಕೋ ಹೋಗಿ ಮುಟ್ಟುತ್ತಿದ್ದವು. ಗಂಡ ಸತ್ತವಳ ಬಾಯಿಗೆ ಆಗುವ ಒಡಪನ್ನು ಅವಳೂ ಕಟ್ಟಿರಲಿಲ್ಲ, ಅವಳಿಗಿಂತ ಹಿಂದಿನವರೂ ಕಟ್ಟಿದ್ದು ಅವಳು ಕೇಳಿರಲಿಲ್ಲ. ಎದುರಿಗೆ ಪಡಸಾಲೆಯ ನಡುವೆ ಹೊಸ ಸೊಸೆ ನಿಂತಿದ್ದಳು. ಶೀತಲ ಕೈಸನ್ನೆ ಮಾಡಲಿಲ್ಲ, ಧೈರ್ಯ ಹೇಳಲಿಲ್ಲ. ಸಭೆಯಲ್ಲಿ ದೊಡ್ಡವರ ಮಾತಿಗೆ ಕೂತ ಹಾಗೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಲು ಸಿದ್ಧಳಾದಳು. ಕಮಳಾಬಾಯಿ ಬಾಯಿ ತೆರೆದಳು. ಮೊದಲ ಸಾಲು ಮುಗಿಯುವವರೆಗೂ ಎರಡನೆಯದು ಏನೆಂದು ಅವಳಿಗೇ ಗೊತ್ತಿರಲಿಲ್ಲ.

"ಅರ್ಧಕ್ಕ ಅವರು ಬಿಟ್ಟ ಹೊಲಾ ನಾ ಬಿತ್ತಿ ಮುಗಿಸೇನಿ,
ಲಾಲಪ್ಪರ ಹೆಸರ ಇಷ್ಟು ವರ್ಷ ಬಾಯಾಗ ಉಳಿಸೇನಿ."

ಮೈಕು ಬೇಕಾಗಲಿಲ್ಲ. ಆ ಹೊಲ ಯಾವುದೆಂದು ಮಂಠಾಳದ ಹಿರಿಯರಿಗೆಲ್ಲ ಗೊತ್ತಿತ್ತು. ಹಿಂಗಾರಿ ಜೋಳ ಬಿತ್ತುವ ದಿನ ಅರ್ಧ ಹೊಲದಲ್ಲಿ ಲಾಲಪ್ಪನಿಗೆ ಹಾವು ಕಚ್ಚಿತ್ತು. ನೆಲದ ಹಸಿ ಆರುವ ಮೊದಲೇ, ಜನ ಮೂಗಿನ ಮೇಲೆ ಬೆರಳಿಡುತ್ತಿದ್ದಂತೆ, ಅವನ ಹೆಂಡತಿ ಕೂಸನ್ನು ಬದುವಿನ ಮೇಲೆ ಮಲಗಿಸಿ ಉಳಿದರ್ಧ ಬಿತ್ತಿದ್ದಳು. ಆ ವರ್ಷದ ರೊಟ್ಟಿ ಆ ಮನೆಯಲ್ಲಿ ಎಲ್ಲರೂ ತಿಂದಿದ್ದರು, ಆಗಿನ್ನೂ ಲಂಗ ತೊಡುತ್ತಿದ್ದ ಗಯಾಬಾಯಿಯೂ ತಿಂದಿದ್ದಳು. ಯಶೋದಾಬಾಯಿ ಕಣ್ಣಿಗೆ ಸೆರಗು ಒತ್ತಿಕೊಂಡಳು. ಒಳ್ಳೆಯ ಒಡಪಿಗೆ ಹೊಡೆಯುವ ಚಪ್ಪಾಳೆಯನ್ನು ಯಾರೂ ಹೊಡೆಯಲಿಲ್ಲ, ಎಲ್ಲರೂ ಚೌಕಟ್ಟಿನ ಮೇಲಿದ್ದ ಕೈಯನ್ನು ನೋಡುತ್ತಿದ್ದರು.

"ನಮ್ಮಣ್ಣನ ಹೆಸರ," ಎಂದಳು ಗಯಾಬಾಯಿ, ಯಾರನ್ನೂ ನೋಡದೆ. "ಈ ಮನಿಯಾಗ ಎಷ್ಟು ವರ್ಷದ ಮ್ಯಾಲ ಕೇಳ್ದೆ."

ಆಮೇಲೆ ಕೈ ಇಳಿಸಿದಳು. ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟು, ಹೊಸ್ತಿಲಲ್ಲಿ ನಾದಿನಿಯಾದವಳು ಹೇಳಬೇಕಾದ ಮಾತನ್ನೇ ಹೇಳಿದಳು.

"ಬಾ ವೈನಿ, ಒಳಗ ಬಾ."

ಕಮಳಾಬಾಯಿ ಒಳಕೋಣೆಯಿಂದ ಹೊರಗೆ ಬರುತ್ತಿದ್ದಳು. ಆದರೂ ಆ ಮಾತನ್ನು ಯಾರೂ ತಿದ್ದಲಿಲ್ಲ.